ಗಡಿ ಬೋರ್ಡಿನ ಮೂರನೇ ಸಾಲು

ಬೋರ್ಡು ಬರೆಯುವ ಅಕ್ಕ ತಗಡಿಗೆ ಹಳದಿ ಬಳಿದು ಒಣಗಿಸಿ, ಅಂಗಡಿಯ ಮುಂದೆ ಎರಡು ಸ್ಟೂಲುಗಳ ಮೇಲೆ ಮಲಗಿಸಿದ್ದಳು. ನೀಲಿ ಪುಡಿ ಹಚ್ಚಿದ ದಾರವನ್ನು ಎಳೆದು ಮೀಟಿ ನಾಲ್ಕು ಗೆರೆ ಹಾಕಿದಳು. ಊರಿನ ಹೆಸರು, ಜನಸಂಖ್ಯೆ, ತಾಲ್ಲೂಕು, ಜಿಲ್ಲೆ: ಊರ ಗಡಿಯ ಬೋರ್ಡಿನಲ್ಲಿ ಇರುವುದು ಇಷ್ಟೇ. ವರ್ಷಾನುಗಟ್ಟಲೆ ಬರೆದ ಕೈಗೆ ಕಣ್ಣಿನ ಹಂಗಿರಲಿಲ್ಲ. ಕಚೇರಿಯ ಜವಾನ ತಂದ ಚೀಟಿಯಲ್ಲಿ ಹೊಸ ಜನಸಂಖ್ಯೆಯನ್ನಷ್ಟೇ ನೋಡಿಕೊಂಡು, ಮೂರನೇ ಸಾಲಿನಲ್ಲಿ ಎಂದಿನಂತೆ ತಾಲ್ಲೂಕು ಕೇಂದ್ರವಾದ ಪೇಟೆಯ ಹೆಸರನ್ನು ಪೆನ್ಸಿಲಿನಲ್ಲಿ ಬರೆದಳು.

"ಅಕ್ಕೋ, ಅದಲ್ಲ," ಎಂದ ಜವಾನ. "ಚೀಟಿ ಪೂರ್ತಿ ಓದಿ. ನಿಮ್ಮೂರು ಈಗ ಗುಡ್ಡದಾಚೆ ತಾಲ್ಲೂಕಿಗೆ ಸೇರ್ತು."

"ಬೆಳ್ಬೆಳಗ್ಗೆ ತಮಾಷೆ ಬೇಡ ಕಣಪ್ಪ."

"ತಮಾಷೆ ಮಾಡೋಕೆ ಸರ್ಕಾರ ತಗಡು ಕೊಡುತ್ತಾ?"

ಅವಳು ಚೀಟಿ ಓದಿದಳು. ಇನ್ನೊಮ್ಮೆ ಓದಿದಳು.

ಪೇಟೆಗೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ಅಲ್ಲಿನ ಶಾಲೆ, ಆಸ್ಪತ್ರೆ, ಕಚೇರಿಗಳ ಗೋಡೆಗಳೇ ಅವಳ ಅನ್ನ. ಸರ್ಕಾರಿ ಗೋಡೆಯ ಕೆಲಸ ಆಯಾ ತಾಲ್ಲೂಕಿನ ಪೇಂಟರುಗಳಿಗೆ ಮಾತ್ರ ಸಿಗುತ್ತದೆ. ಊರು ತಾಲ್ಲೂಕು ಬದಲಿಸಿದರೆ ಆ ಗೋಡೆಗಳೆಲ್ಲ ಬೇರೆಯವರ ಪಾಲು.

ಗುಡ್ಡದಾಚೆ ಹೊಸ ತಾಲ್ಲೂಕು ಆಗುತ್ತದೆಂಬ ಸುದ್ದಿ ಹಬ್ಬಿದಾಗ, ಪೇಟೆಯನ್ನು ಬಿಟ್ಟು ಹೋಗುವುದಿಲ್ಲವೆಂದು ಊರಿಗೆ ಊರೇ ಹಟ ಹಿಡಿದಿತ್ತು. ಮುಂದೆ ನಿಂತವನು ಪಂಚಾಯಿತಿ ಅಧ್ಯಕ್ಷ, ಅವಳ ಒಬ್ಬನೇ ತಮ್ಮ. ತಾಯಿ ಸತ್ತಾಗ ಅವನಿಗೆ ಇನ್ನೂ ಹಾಲುಹಲ್ಲು. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಹಳೆಯ ತಗಡಿನ ಮೇಲೆ ಬ್ರಷ್ ಹಿಡಿಸಿ ಅಕ್ಷರ ತಿದ್ದಿಸಿದವಳೂ ಅವಳೇ.

"ಜನಗಣತಿ ಬರ್ತಿದೆ ಅಕ್ಕ," ಎಂದಿದ್ದ ಅವನು. "ಹೊರಗೆ ದುಡಿಯೋರೆಲ್ಲ ಆ ವಾರ ಊರಲ್ಲಿರ್ಲಿ. ತಲೆ ಜಾಸ್ತಿ ಇದ್ರೆ ನಮ್ಮನ್ನ ಯಾರೂ ಅಲ್ಲಾಡ್ಸೋಕಾಗಲ್ಲ."

ಅವಳು ಕಂಡ ಕಂಡ ಗೋಡೆಗೆಲ್ಲ ಪುಕ್ಕಟೆ ಬರೆದಳು: ‘ಎಣಿಕೆಗೆ ಬನ್ನಿ, ಊರು ಉಳಿಸಿ.’ ಚಿಕ್ಕಪ್ಪನ ಮಕ್ಕಳಿಗೆ, ಗಂಡನ ಅಣ್ಣತಮ್ಮಂದಿರಿಗೆ ಫೋನ್ ಮಾಡಿ ಕಾಡಿದಳು. ರಜೆ ಹಾಕಿ ಬಂದವರು ಜಗಲಿಗಳಲ್ಲಿ ಸಾಲಾಗಿ ಮಲಗಿದ್ದರು. ಎಣಿಕೆ ಐದು ಸಾವಿರ ದಾಟಿತು.

ಈಗ ಪೆನ್ಸಿಲನ್ನು ತಗಡಿನ ಮೇಲೇ ಬಿಟ್ಟು ಅವಳು ತಮ್ಮನ ಮನೆಗೆ ನಡೆದಳು. ಅವನು ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದ.

"ನಿಂಗೆ ಮೊದ್ಲೇ ಗೊತ್ತಿತ್ತೇನೋ?"

"ಕೂತ್ಕೋ ಅಕ್ಕ, ಟೀ ಕುಡಿ."

"ನಿನ್ನ ಟೀ ಬೆಂಕಿಗೆ ಹಾಕು. ಗೊತ್ತಿತ್ತೋ ಇಲ್ವೋ?"

ಅವನು ಕೆನ್ನೆಯ ನೊರೆ ಒರೆಸಿಕೊಂಡ. "ಹೊಸ ತಾಲ್ಲೂಕಾಗೋಕೆ ಐವತ್ತು ಸಾವಿರ ಜನ ಬೇಕಿತ್ತು. ಅವ್ರಿಗೆ ಕಮ್ಮಿ ಬೀಳ್ತಿತ್ತು. ನಮ್ಮ ಐದು ಸಾವಿರ ಸೇರಿದ್ಮೇಲೆ ಸರಿಹೋಯ್ತು. ಅಲ್ಲಿನ ತಾಲ್ಲೂಕು ಸಮಿತಿಗೆ ನನ್ನೇ ಅಧ್ಯಕ್ಷ ಮಾಡ್ತಾರೆ."

"ಹಂಗಾದ್ರೆ ಆ ತಲೆಗಳನ್ನ ನನ್ನ ಕೈಲೇ ಸೇರ್ಸಿದ್ದು ಇದಕ್ಕೇನಾ?"

"ನಿಜ ಹೇಳಿದ್ರೆ ನೀನು ಬರೀತಿದ್ಯಾ?"

ಒಳಗಿನಿಂದ ತಮ್ಮನ ಹೆಂಡತಿ ತಂದ ಟೀ ಲೋಟ ಕಿಟಕಿಯ ಮೇಲೆ ಆರುತ್ತಿತ್ತು.

"ಏಣಿ ಹಿಡ್ಕೊಂಡು ನಿಂತವಳು ನಾನು," ಎಂದಳು ಅಕ್ಕ. "ಹತ್ತಿದ ಮೇಲೆ ಏಣೀನೇ ಒದ್ದೆಯಲ್ಲೋ."

"ಅಲ್ಲೂ ಗೋಡೆ ಇವೆ ಅಕ್ಕ. ಸರ್ಕಾರಿ ಗೋಡೆ ಬರೆಯೋ ಪೇಂಟರುಗಳ ಅರ್ಜಿಗೆ ಸಹಿ ಹಾಕೋನು ನಾನೇ. ನಿಂದು ಮೊದ್ಲು ಮಾಡ್ಕೊಡ್ತೀನಿ."

ಅವಳು ಹೊಸ್ತಿಲು ದಾಟಿ ಹೊರಟಳು. ಅಂಗಡಿಗೆ ಮರಳಿ, ಒಪ್ಪಿಕೊಂಡ ಕೆಲಸ ಎಂದು ಪೆನ್ಸಿಲಿನ ಹೆಸರನ್ನು ಅಳಿಸಿ, ಗುಡ್ಡದಾಚೆಯ ಹೆಸರನ್ನು ಕಪ್ಪು ಬಣ್ಣದಲ್ಲಿ ಬರೆದಳು. ಅಕ್ಷರ ಎಲ್ಲೂ ಡೊಂಕಾಗಲಿಲ್ಲ. ಸಂಜೆ ಉಳಿದ ಹಳದಿಯನ್ನು ಒಯ್ದು, ಬಸ್ ನಿಲ್ದಾಣದ ಗೋಡೆಯ ಮೇಲಿದ್ದ ‘ಎಣಿಕೆಗೆ ಬನ್ನಿ’ಯನ್ನು ಮುಚ್ಚಿದಳು. ಉಳಿದ ಗೋಡೆಗಳಿಗೆ ಬಣ್ಣ ಸಾಲಲಿಲ್ಲ.

ಬೋರ್ಡನ್ನು ಸೋಮವಾರ ನೆಡುತ್ತಾರೆ. ಅಕ್ಕ ಅರ್ಜಿ ಹಾಕಿಲ್ಲ. ಅದೇ ಸೋಮವಾರದಿಂದ ಅವಳು, ಊರು ಯಾವ ತಾಲ್ಲೂಕೆಂದು ಕೇಳದ ಪೇಟೆಯ ಗ್ಯಾರೇಜೊಂದಕ್ಕೆ ಲಾರಿಗಳ ನಂಬರ್ ಪ್ಲೇಟ್ ಬರೆಯಲು ಹೋಗುತ್ತಾಳೆ.