ಗೋಡೆಯ ಮೇಲೆ ಮೂರು ವಿಮಾನ

"ತಗಲಾಕು ಅಂದ್ರೆ ತಗಲಾಕಬೇಕು! ನಿನ್ನೇನು ಪಂಚಾಯ್ತಿ ಮಾಡು ಅಂದ್ನಾ?"

"ಸಾಬ್ರು ಕೂಗ್ಲಿ, ತಗಲಾಕ್ತೀನಿ."

"ಆ ಸಾಬ್ರಿಗೆ ಸಂಬಳ ಕೊಡೋನು ನಾನು ಕಣಮ್ಮ!"

"ಕೊಡ್ರಿ. ನಾನೇನು ಬ್ಯಾಡ ಅಂದ್ನಾ?"

ಐಮಂಗಲದ ಹೊರಗಿನ ಬಯಲು. ಹೊತ್ತು ಈಗಷ್ಟೇ ಮೂಡುತ್ತಿದೆ. ಹತ್ತಿ ಹೊಲಗಳಿಗೆ ಮೇಲಿನಿಂದ ಔಷಧ ಸಿಂಪಡಿಸುವ ಕಂಪನಿಯೊಂದರ ಮೂರು ಪುಟ್ಟ ವಿಮಾನಗಳು ಸಾಲಾಗಿ ನಿಂತಿವೆ. ಶೆಡ್ಡಿನ ಮುಂದೆ ಮ್ಯಾನೇಜರ್ ತಿಪ್ಪೇರುದ್ರಪ್ಪ ಬಿಳಿ ತಗಡೊಂದನ್ನು ಹುಲಿಗೆಮ್ಮನ ಮುಖಕ್ಕೆ ಹಿಡಿದು ಆಡಿಸುತ್ತಿದ್ದಾನೆ. ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಕಟ್ಟಿ ನಿಂತಿದ್ದಾಳೆ.

ವಿಮಾನ ಎಂದೊಡನೆ ಜನ ಪೈಲಟ್ಟನ್ನು ನೋಡುತ್ತಾರೆ. ಇಳಿದು ಬಂದರೆ ಹಾರ ಹಾಕುತ್ತಾರೆ. ಆ ವಿಮಾನ ಇವತ್ತು ಏಳಬಹುದೇ, ಏಳಬಾರದೇ ಎಂದು ಬೆಳಗಾಗುತ್ತಲೇ ತೋರಿಸಿಕೊಡುವ ಹೆಂಗಸಿನ ಕಡೆ ಒಬ್ಬನೂ ತಿರುಗಿ ನೋಡಿಲ್ಲ. ನೋಡಬೇಕಿತ್ತು.

ಹುಲಿಗೆಮ್ಮ ಇಲ್ಲಿಗೆ ಬಂದದ್ದು ಔಷಧ ಕಲಸಲು ನೀರು ಹೊರುವುದಕ್ಕೆ. ಗಂಡ ಗುಡ್ಡಪ್ಪ ಕುರಿ ಮೇಯಿಸಿಕೊಂಡು ಊರೂರು ತಿರುಗುತ್ತಾನೆ. ಎಪ್ಪತ್ತೆರಡರಲ್ಲಿ ಕಂಪನಿ ಬಂದಾಗ, ಯಾವ ವಿಮಾನ ಸರಿ ಇದೆ, ಯಾವುದು ಕೆಟ್ಟಿದೆ ಎಂದು ಮೆಕ್ಯಾನಿಕ್ ಉಸ್ಮಾನ್ ಸಾಬ್ ಚೀಟಿ ಬರೆದು ಅಂಟಿಸುತ್ತಿದ್ದ. ಈ ಬಯಲಿನ ಗಾಳಿಗೆ ಚೀಟಿ ನಿಲ್ಲುತ್ತದೆಯೇ? "ಅಕ್ಕಾ, ಗೋಡೆಗೇ ಬಳಿದುಬಿಡು" ಎಂದ. ಆಕೆ ಶೆಡ್ಡಿನ ಗೋಡೆಗೆ ಮೂರು ವಿಮಾನ ಬರೆದಳು. "ಇವೇನು ವಿಮಾನಾನೋ ಮಿಡತೇನೋ?" ಎಂದು ಪೈಲಟ್ ನಕ್ಕ. ನಕ್ಕವನು ಮಾರನೆಯ ದಿನದಿಂದ ಆ ಮಿಡತೆಗಳನ್ನು ನೋಡದೆ ಇಂಜಿನ್ ಶುರು ಮಾಡಲಿಲ್ಲ.

ಉಸ್ಮಾನ್ ಸಾಬ್ ನಸುಕಿನಲ್ಲಿ ಒಂದೊಂದೇ ವಿಮಾನ ಬಿಚ್ಚಿ ನೋಡಿ ಅಲ್ಲಿಂದಲೇ ಕೂಗುತ್ತಾನೆ. "ಬಿಳೀ" ಎಂದರೆ ಸುಣ್ಣ, ಹಾರಬಹುದು. "ಕೆಂಪೂ" ಎಂದರೆ ಕೆಮ್ಮಣ್ಣು, ನಿಲ್ಲಬೇಕು. ಎರಡನೆಯ ವರ್ಷ ಪೈಲಟ್ ಕೇಳಿದ ಮೇಲೆ ಅರಿಶಿನದ ಬೊಟ್ಟು ಸೇರಿತು: ಅರ್ಧ ಟ್ಯಾಂಕ್ ಔಷಧ ಮಾತ್ರ. ಆಮೇಲೆ ಇದ್ದಿಲಿನ ಗೆರೆ: ಟ್ಯಾಂಕ್ ಇನ್ನೂ ತೊಳೆದಿಲ್ಲ, ಹತ್ತಿಯ ಔಷಧ ಕಡಲೆಕಾಯಿ ಹೊಲಕ್ಕೆ ಬೀಳಬಾರದು.

ಆಕೆಯ ಕೈಯಿಂದ ತಪ್ಪಾಗಿಲ್ಲವೇ? ಆಗಿದೆ, ದೊಡ್ಡದೇ ಆಗಿದೆ. ಹೋದ ವರ್ಷ ಮಾರ್ನಮಿಗೆ ಮನೆಗೆ ಕೆಮ್ಮಣ್ಣು ಬಳಿದಳು. ಮಿಕ್ಕದ್ದನ್ನು ತಂದು ಶೆಡ್ಡಿನ ಗೋಡೆಗೂ ಈ ತುದಿಯಿಂದ ಆ ತುದಿಗೆ ಬಳಿದಳು. "ಅನ್ನ ಕೊಡೋ ಗೋಡೆ, ಅದ್ಕೂ ಹಬ್ಬ ಬ್ಯಾಡ್ವಾ ಅನ್ನಿಸ್ತು. ಒಣಗಿದ ಮ್ಯಾಲೆ ವಿಮಾನ ಬರಿಯಾಣ ಅಂದ್ಕಂಡಿದ್ದೆ" ಎನ್ನುತ್ತಾಳೆ. ಪೈಲಟ್ ದೂರದಿಂದ ನೋಡಿದ. ಮೂರೂ ಕೆಂಪು. ಜೀಪು ಹತ್ತಿ ದುರ್ಗಕ್ಕೆ ಹೋಗಿ ಮಲಗಿದ. ಹೊಸದುರ್ಗದ ಕಡೆ ಹುಳು ಮತ್ತೊಂದು ದಿನ ಹತ್ತಿ ತಿಂದಿತು. ರೈತರು ತಿಪ್ಪೇರುದ್ರಪ್ಪನಿಗೆ ಬೈದರು, ಬೆಂಗಳೂರಿನ ಆಫೀಸಿನವರೂ ಬೈದರು.

ಅದಕ್ಕೇ ಈ ವರ್ಷ ಹೊಸ ಬೋರ್ಡು. ಮೂರು ಕೊಕ್ಕೆ, ಬಿಳಿ ತಗಡು, ಕೆಂಪು ತಗಡು. ಗೋಡೆಯ ಮಿಡತೆಗಳ ಮೇಲೆ ಸುಣ್ಣ ಹೊಡೆಸಿದ್ದಾಯಿತು. ಹುಲಿಗೆಮ್ಮನಿಗೆ ಇದರ ಮೇಲೆ ಸಿಟ್ಟಿಲ್ಲ. "ಒಳ್ಳೇದೇ ಐತೆ. ಸುಣ್ಣದಾಗೆ ಕೈ ಸುಟ್ಕಳದು ತಪ್ತು."

ಜಗಳ ಬೋರ್ಡಿನದಲ್ಲ, ಎರಡನೆಯ ವಿಮಾನದ್ದು. ಮಿಕ್ಕೆರಡು ಆಗಲೇ ಕೆಂಪು. ನಿನ್ನೆ ಇಳಿಯುವಾಗ ಎರಡನೆಯದರ ಇಂಜಿನ್ ಕೆಮ್ಮಿತ್ತು. ಉಸ್ಮಾನ್ ಸಾಬ್ ಇನ್ನೂ ಅದರೊಳಗೆ ತಲೆ ತೂರಿಸಿಕೊಂಡಿದ್ದಾನೆ. ಅತ್ತ ಬಿ.ದುರ್ಗವೆಂಬ ಹಳ್ಳಿಯ ಹೊಲಗಳಲ್ಲಿ ರೈತರು ವಿಮಾನಕ್ಕೆ ಗುರುತು ತೋರಿಸಲು ಬಾವುಟ ಹಿಡಿದು ಕಾಯುತ್ತಿದ್ದಾರೆ. ಬಿಳಿ ಕಂಡರೆ ಪೈಲಟ್ ಹತ್ತುತ್ತಾನೆ, ಮತ್ತೇನೂ ಕೇಳುವುದಿಲ್ಲ. ಮೂರು ವರ್ಷದಿಂದ ಹಾಗೇ ನಡೆದಿದೆ.

"ಗಾಳಿ ಏಳೋದ್ರೊಳಗೆ ಸಿಂಪಡಿಸಬೇಕು! ನೀನು ತಗಲಾಕದಿದ್ರೆ ನಾಳೆಯಿಂದ ಬರಬ್ಯಾಡ, ನೋಡು!"

"ಬರಲ್ಲ, ಬಿಡ್ರಿ."

"ಸೊಕ್ಕು ನೋಡು! ಹೋದ ವರ್ಷ ಮೂರನ್ನೂ ಕೂರಿಸಿದೋಳು ನೀನೇ ಅಲ್ವೇನಮ್ಮ?"

"ನಾನೇ. ಬೈದ್ರಿ, ಬೈಸ್ಕಂಡೆ. ಈ ಕೈಯಿಂದ ಗೋಡೆಗೆ ತಪ್ಪು ಹತ್ತೈತೆ ಸ್ವಾಮಿ, ಸುಳ್ಳು ಹತ್ತಿಲ್ಲ. ಹತ್ತಾದೂ ಇಲ್ಲ."

ತಿಪ್ಪೇರುದ್ರಪ್ಪ ಆಕೆಯನ್ನು ಸರಿಸಿ ಎರಡನೆಯ ಕೊಕ್ಕೆಗೆ ತಾನೇ ಬಿಳಿ ತಗಡು ಸಿಕ್ಕಿಸುತ್ತಾನೆ. ಹುಲಿಗೆಮ್ಮ ಅದನ್ನು ನೋಡುತ್ತಾಳೆ. ಸೊಂಟದ ಸೆರಗು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಬಯಲು ದಾಟಿ ಹೆದ್ದಾರಿಯ ಕಡೆ ನಡೆಯುತ್ತಾಳೆ.

ಪೈಲಟ್ ಇನ್ನೂ ಬೂಟಿನ ದಾರ ಕಟ್ಟುತ್ತಿದ್ದಾನೆ. ಅಷ್ಟರಲ್ಲಿ ಉಸ್ಮಾನ್ ಸಾಬ್ ಇಂಜಿನ್ನಿನಿಂದ ತಲೆ ಹೊರಗೆ ತೆಗೆದು, ಕೈ ಒರೆಸಿಕೊಳ್ಳುತ್ತ, ಶೆಡ್ಡಿಗೆ ಕೇಳುವಂತೆ ಕೂಗುತ್ತಾನೆ.

"ಅಕ್ಕಾ! ಎರಡನೇದು... ಬಿಳೀ!"

ಅವನ ಗಂಟಲು ದೊಡ್ಡದು. ಹೆದ್ದಾರಿಯವರೆಗೂ ಕೇಳಿಸಿರಬೇಕು. ಹುಲಿಗೆಮ್ಮ ತಿರುಗಿ ಬರಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ.