ನನ್ನದೇ ಸೈಕಲ್ಲಿನ ಹಿಂದೆ

1986ರಲ್ಲಿ ನಾನು ಜಗಳೂರಿನಿಂದ ವರ್ಗವಾಗಿ ಚನ್ನಗಿರಿಯ ಪ್ರೌಢಶಾಲೆಯೊಂದಕ್ಕೆ ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ಬಂದೆ. ಊರವರ ಬಾಯಲ್ಲಿ ಡ್ರಿಲ್ ಟೀಚರ್. ಹುಡುಗಿಯರಿಗೂ ದೂರದ ಓಟ ಕಲಿಸುತ್ತೇನೆಂದಾಗ ಮುಖ್ಯೋಪಾಧ್ಯಾಯರು ನಕ್ಕರು. "ಮೊದ್ಲು ನೀವು ಓಡಿ ತೋರಿಸ್ರಿ, ಆಮೇಲೆ ನೋಡಾನ."

ಆ ವರ್ಷ ಊರಿನ ಯುವಕ ಸಂಘವೊಂದು ಹಾಫ್ ಮ್ಯಾರಥಾನ್ ಏರ್ಪಡಿಸಿತ್ತು. ಅಂದರೆ ಇಪ್ಪತ್ತೊಂದು ಕಿಲೋಮೀಟರ್ ಓಟ. ಚನ್ನಗಿರಿಯಿಂದ ಸೂಳೆಕೆರೆ ಕಡೆ ಹೋಗಿ, ಅರ್ಧದಲ್ಲಿ ತಿರುಗಿ ವಾಪಸ್ಸು. ಹೆಂಗಸರಿಗೊಂದು ಷರತ್ತು: ಪಕ್ಕದಲ್ಲಿ ಸೈಕಲ್ ಮೇಲೆ ಇನ್ನೊಬ್ಬ ಹೆಂಗಸು ಜೊತೆಗಾತಿಯಾಗಿ ಬರಬೇಕು. ಒಂಟಿಯಾಗಿ ಓಡಿದರೆ ಊರಿನ ಮರ್ಯಾದೆ ಏನಾಗಬೇಕು!

ನನ್ನ ಕೋಣೆಯಲ್ಲೇ ಇದ್ದ ಗಣಿತ ಶಿಕ್ಷಕಿ ವಿಮಲಾ ಒಪ್ಪಿದಳು. ನ್ಯಾಮತಿಯ ಹುಡುಗಿ, ನನಗಿಂತ ಚಿಕ್ಕವಳು. ದಿನಾ ಬೆಳಗ್ಗೆ ನಾನು ಓಡಿದರೆ ಅವಳು ನನ್ನ ಸೈಕಲ್ ತುಳಿಯುತ್ತಿದ್ದಳು. ಜಲ್ಲಿಕಲ್ಲಿನ ಮೇಲೆ ಕಾಲು ಉಳುಕಿದಾಗ ಉಪ್ಪಿನ ಶಾಖ ಕೊಟ್ಟಳು. ಆಮೇಲೆ ಮಲೇರಿಯಾ ಬಂದು ಹಾಸಿಗೆ ಹಿಡಿದಾಗ ಗಂಜಿ ಕುಡಿಸಿದಳು. ನಾನು ಕೈಚೆಲ್ಲಿ ಕೂತರೆ, "ನೀವು ಓಡ್ರಿ ಅಕ್ಕ, ಉಳಿದಿದ್ದು ನಂಗೆ ಬಿಡ್ರಿ" ಎನ್ನುತ್ತಿದ್ದಳು. ಒಡಹುಟ್ಟಿದವಳೂ ಅಷ್ಟು ಮಾಡಲಾರಳು ಎಂದುಕೊಂಡಿದ್ದೆ.

ಓಟದ ದಿನ ಎದ್ದಾಗ ವಿಮಲಾ ಕೋಣೆಯಲ್ಲಿರಲಿಲ್ಲ, ಸೈಕಲ್ಲೂ ಇರಲಿಲ್ಲ. ಮೊದಲೇ ಹೋಗಿ ಕಾಯುತ್ತಿರಬೇಕೆಂದು ಖುಷಿಯಿಂದಲೇ ಹೋದೆ. ಅವಳು ಅಲ್ಲಿದ್ದಳು, ಸಂಘದ ಅಧ್ಯಕ್ಷರ ನಾದಿನಿಯ ಪಕ್ಕದಲ್ಲಿ. ಆಕೆಯ ಜೊತೆಗಾತಿಯಾಗಿ, ನನ್ನದೇ ಸೈಕಲ್ ಹಿಡಿದುಕೊಂಡು.

"ಏನಮ್ಮ ಇದು?" ಎಂದೆ.

ತಲೆ ಎತ್ತಲಿಲ್ಲ. "ಅಧ್ಯಕ್ಷರು ನ್ಯಾಮತಿಗೆ ವರ್ಗ ಮಾಡಿಸ್ತೀನಿ ಅಂದಾರೆ ಅಕ್ಕ. ನಾನೇನ್ ಮಾಡಾಕೆ ಆಗ್ತೈತೆ?"

ರಾತ್ರಿ ನನ್ನ ಕಾಲಿಗೆ ಎಣ್ಣೆ ತಿಕ್ಕುವಾಗಲೂ ಇವಳಿಗೆ ಇದು ಗೊತ್ತಿತ್ತಲ್ಲ!

ಅಷ್ಟರಲ್ಲಿ ಅಧ್ಯಕ್ಷರೇ ಬಂದರು. "ಜೊತೆ ಇಲ್ದೆ ಓಡಾಕೆ ಬರಲ್ಲ ಟೀಚರ್. ಮುಂದಿನ ವರ್ಷ ನೋಡ್ರಿ."

"ಆ ಸೈಕಲ್ ನಂದು ಸ್ವಾಮಿ," ಎಂದೆ. "ಅದರ ಹಿಂದೆ ನಾನೂ ಓಡ್ತೀನಿ. ಬ್ಯಾಡ ಅಂದ್ರೆ ಈಗಲೇ ನನ್ನ ಸೈಕಲ್ ಕೊಡಿಸ್ರಿ."

ಸೈಕಲ್ ಕೊಟ್ಟರೆ ಅವರ ನಾದಿನಿಯೂ ಓಡುವಂತಿಲ್ಲ. ಗೊಣಗುತ್ತಲೇ ಒಪ್ಪಿದರು.

ಸೀಟು ಹರಿದಾಗ ಅದಕ್ಕೆ ಕೆಂಪು ಬಟ್ಟೆ ಹೊಲಿದವಳು ನಾನು. ಆ ಕೆಂಪನ್ನೇ ನೋಡುತ್ತಾ ಓಡಿದೆ. ಅಳು ಬಂತು, ಸಿಟ್ಟೂ ಬಂತು. ಎರಡರಿಂದಲೂ ಉಸಿರು ಕೆಟ್ಟಿತು. ಅರ್ಧದಲ್ಲಿ ತಿರುಗಿದ ಸ್ವಲ್ಪ ಹೊತ್ತಿಗೆ ನಾದಿನಿ ಸುಸ್ತಾಗಿ, ಹಿಂದೆ ಬರುತ್ತಿದ್ದ ಸಂಘದ ಜೀಪು ಹತ್ತಿದರು. ಆಗ ವಿಮಲಾ ಸೈಕಲ್ ನಿಧಾನ ಮಾಡಿ ನನ್ನ ಪಕ್ಕಕ್ಕೆ ಬಂದಳು.

"ಅಕ್ಕ, ನೀರು ಕುಡೀರಿ."

ಬಾಟಲಿ ಕಿತ್ತೆಸೆಯಬೇಕೆನಿಸಿತು. ಆದರೆ ಉಳುಕಿದ್ದ ಕಾಲು ಆಗಲೇ ಬಾತುಕೊಂಡಿತ್ತು, ಗಂಟಲು ಒಣಗಿತ್ತು, ಊರು ಇನ್ನೂ ದೂರವಿತ್ತು. ಕುಡಿದೆ. ಮತ್ತೆ ಓಡಿದೆ. ನಾನು ಮುಟ್ಟುವ ಹೊತ್ತಿಗೆ ಶಾಮಿಯಾನ ಬಿಚ್ಚುತ್ತಿದ್ದರು. ಹಾರ ಹಾಕುವವರಿರಲಿಲ್ಲ. ಆದರೆ ಮುಖ್ಯೋಪಾಧ್ಯಾಯರು ನಿಂತಿದ್ದರು. "ಸೋಮವಾರದಿಂದ ಹುಡುಗೀರ್ನ ಕರ್ಕೊಳ್ರಿ" ಎಂದರು.

ವಿಮಲಾಗೆ ವರ್ಗವೂ ಆಯಿತು. ಹೊರಡುವ ದಿನ ಸೈಕಲ್ ಒರೆಸಿ ಬಾಗಿಲಲ್ಲಿ ನಿಲ್ಲಿಸಿ ಹೋಗಿದ್ದಳು. ಅವಳ ಆರೈಕೆ ಸುಳ್ಳಾಗಿರಲಿಲ್ಲವೆಂದು ಈಗಲೂ ನಂಬುತ್ತೇನೆ. ಅದಕ್ಕೇ ಈಗಲೂ ನೋವು.

ಮುಂದೆ ತಾಲ್ಲೂಕಿನ ಓಟಗಳನ್ನು ನಡೆಸುವ ಹೊಣೆ ನನಗೇ ಬಂತು. ಜೊತೆಗಾತಿಯ ಷರತ್ತನ್ನು ಮೊದಲ ವರ್ಷವೇ ತೆಗೆದುಹಾಕಿದೆ. ಒಬ್ಬಳ ಓಟ ಇನ್ನೊಬ್ಬಳ ಕೈಯಲ್ಲಿದ್ದರೆ, ಆ ಕೈಯನ್ನು ಕೊಳ್ಳುವವರು ಇದ್ದೇ ಇರುತ್ತಾರೆ.