ಗೇರೆಣ್ಣೆ ಹಚ್ಚಿದ ಪೇರಳೆ ಕೊಂಬೆ

ಬೆಳಿಗ್ಗೆ ಹಿರಿಯಡ್ಕದ ಅಂಗಡಿಯಲ್ಲಿ ಮೊಳೆ ಕೊಳ್ಳಲು ನಿಂತಿದ್ದೆ. ಪಕ್ಕದವರಿಗೆ ತೋರಿಸಲೆಂದು ಅಂಗಡಿಯವ ಗೇರುಬೀಜದ ಸಿಪ್ಪೆಯ ಎಣ್ಣೆಯ ಡಬ್ಬ ತೆರೆದ. ಆ ಘಾಟು ಮೂಗಿಗೆ ಬಡಿದದ್ದೇ ನಾನು ಹೊರಬಿದ್ದೆ. "ಎಂತ ಸರ್, ಮೊಳೆ ಬೇಡವಾ?" ಎಂದು ಆತ ಕೂಗಿದ. ಕಾರಣವನ್ನು ನಿಮಗೆ ಹೇಳುತ್ತೇನೆ. ಅವನಿಗೆ ಹೇಳಲು ನಾಚಿಕೆಯಾಯಿತು.

ಪರ್ಕಳದಲ್ಲಿ ನಮ್ಮ ಪಕ್ಕದ ಮನೆ ತಂಗಿಯದು. ಅವಳ ಗಂಡ ರಮೇಶ ಮಸ್ಕತ್ತಿನಿಂದ ಮರಳಿದವನು. ಕೆಲಸವೂ ಇಲ್ಲ, ವೇಳಾಪಟ್ಟಿಯೂ ಇಲ್ಲ. ಅವರ ಮಹಡಿಯಲ್ಲಿ ಬಾಡಿಗೆಗಿದ್ದ ವಿದ್ಯಾರ್ಥಿನಿ ಮಣಿಪಾಲದ ಓದು ಮುಗಿಸಿ ಹೊರಡುವಾಗ ತನ್ನ ವಿದೇಶಿ ಹಲ್ಲಿಯನ್ನು ಗಾಜಿನ ಪೆಟ್ಟಿಗೆ ಸಮೇತ ಅವನಿಗೆ ದಾಟಿಸಿದಳು. ನಾವೆಲ್ಲ ಹಲ್ಲಿಯನ್ನು ಹಿಡಿಸೂಡಿಯಲ್ಲಿ ಓಡಿಸಿದವರು. ಇವನು ಅದಕ್ಕೆ ದಿನಕ್ಕೆರಡು ಹೊತ್ತು ನೀರು ಸಿಂಪಡಿಸಿ, ಊರಿನ ಮಳೆ ಸಾಲದೆಂಬಂತೆ ಪೆಟ್ಟಿಗೆಯೊಳಗೆ ಇನ್ನೊಂದು ಮಳೆಗಾಲ ಮಾಡಿದ.

ಅದಕ್ಕೆ ಹತ್ತಲು ಕೊಂಬೆ ಬೇಕಲ್ಲ! ಪೇರಳೆಯ ಕೊಂಬೆ ಕಡಿದು, ಸಿಪ್ಪೆ ಹೆರೆದು, ತಿಕ್ಕಿ ತೊಳೆದು, ತಂಗಿ ಕುಚ್ಚಲಕ್ಕಿ ಬೇಯಿಸುವ ಪಾತ್ರೆಯಲ್ಲೇ ಕುದಿಸುತ್ತಿದ್ದ. ನಾನು ವ್ಯಾಯಾಮ ಶಿಕ್ಷಕನಾಗಿದ್ದವನು, ಐದೂವರೆಗೆ ಎದ್ದು ಆರಕ್ಕೆ ಅಂಗಳ ಗುಡಿಸಿ ಮುಗಿಸುವವನು. ಹನ್ನೊಂದು ಗಂಟೆಗೆ ಲುಂಗಿ ಎತ್ತಿಕಟ್ಟಿ ಕೊಂಬೆಯ ಕಷಾಯ ಕಾಯಿಸುವ ಗಂಡಸನ್ನು ನೋಡುವುದೇ ನನಗೊಂದು ಶಿಕ್ಷೆ.

"ಯಾವ ಬಾಣಂತಿಗೆ ಇದು?" ಎಂದು ಕೇಳಿದೆ.

"ಕುದಿಸದಿದ್ದರೆ ಒಳಗೆ ಹುಳ ಇರ್ತದೆ ಭಾವ."

ಒಣಗಿಸುವುದು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ. ಇಷ್ಟಾದರೂ ಪೆಟ್ಟಿಗೆಯ ತೇವಕ್ಕೆ ಹದಿನೈದು ದಿನದಲ್ಲಿ ಬಿಳಿ ಬೂಷ್ಟು. ಮತ್ತೆ ತೆಗೆ, ತಿಕ್ಕು, ಕುದಿಸು.

"ಗೇರೆಣ್ಣೆ ಹಚ್ಚು ಮಾರಾಯ, ಮನೆಮಾಡಿನ ಮರದ ಪಕ್ಕಾಸಿಗೆ ಹಚ್ಚುವ ಹಾಗೆ. ಗೆದ್ದಲೇ ಮುಟ್ಟುವುದಿಲ್ಲ, ಇನ್ನು ಬೂಷ್ಟು ಎಂತ ಮಾಡ್ತದೆ?"

"ಕೊಂಬೆಯ ಮೇಲಿನ ನೀರನ್ನು ಅದು ನೆಕ್ಕುತ್ತದೆ ಭಾವ. ಬೇಡ."

ಅಂದರೆ, ಮನೆ ಕಟ್ಟಿದ ಹಿರಿಯರ ಬುದ್ಧಿಗಿಂತ ಹಲ್ಲಿಯ ನಾಲಿಗೆ ದೊಡ್ಡದು!

ಮುಂದಿನ ವಾರ ಗಂಡ ಹೆಂಡತಿ ಮದುವೆಗೆಂದು ಕಾರ್ಕಳಕ್ಕೆ ಹೋದರು. ಎರಡು ದಿನ ಹಲ್ಲಿ ನನ್ನ ವಶ. ನೀರು ಸಿಂಪಡಿಸಿ, ಬೇರೇನೂ ಮುಟ್ಟಬೇಡಿ ಎಂದು ರಮೇಶ ಚೀಟಿ ಬರೆದಿಟ್ಟಿದ್ದ. ನನಗೆ ಚೀಟಿ ಬರೆದು ಅಭ್ಯಾಸ, ಬೇರೆಯವರ ಚೀಟಿ ಪಾಲಿಸಿ ಅಲ್ಲ. ಕೊಂಬೆಗಳನ್ನು ಹೊರತೆಗೆದು ಗೇರೆಣ್ಣೆ ಬಳಿದೆ. ಅರ್ಧ ದಿನ ಗಾಳಿಗಿಟ್ಟು, ಡ್ರಿಲ್ಲಿಗೆ ನಿಂತ ಮಕ್ಕಳಂತೆ ಸಾಲಾಗಿ ಮರಳಿ ನಿಲ್ಲಿಸಿದೆ. ನನಗೋ, ಹೆಮ್ಮೆ.

ರಮೇಶ ಬಂದು ಗಾಜು ಸರಿಸಿದಾಗ ಒಳಗಿನ ಘಾಟು ಕಣ್ಣಿಗೇ ಹೊಡೆಯಿತು. ಹಲ್ಲಿ ಮೂಲೆಗೆ ಅಂಟಿಕೊಂಡು ಬಾಯಿ ತೆರೆದಿತ್ತು. ಅವನು ಕೈ ಚಾಚಿದ್ದೇ ಅದರ ಬಾಲ ಕಳಚಿ ಬಿದ್ದು ಹೊರಳಾಡಿತು.

"ಬಾಲ ಅಲ್ವಾ, ತಿಂಗಳೊಳಗೆ ಬರ್ತದೆ" ಎಂದೆ.

"ನಮ್ಮ ಗೋಡೆಯ ಹಲ್ಲಿಗೆ ಬರ್ತದೆ ಭಾವ. ಈ ಜಾತಿಗೆ ಬರುವುದಿಲ್ಲ."

ಅವನು ಬೈಯಲಿಲ್ಲ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಎಂಟು ದಿನ ಅದು ಏನೂ ತಿನ್ನಲಿಲ್ಲ. ದಿನವೂ ಹೋಗಿ ಬಾಗಿಲಲ್ಲೇ ನಿಂತು "ಜೀವ ಉಂಟಾ?" ಎಂದು ಕೇಳುತ್ತಿದ್ದೆ. "ಉಂಟು" ಎನ್ನುತ್ತಿದ್ದ, ತಲೆ ಎತ್ತದೆ. ಒಂಬತ್ತನೆಯ ದಿನ ಅದು ಅವನ ಬೆರಳಿನಿಂದ ಬಾಳೆಹಣ್ಣು ನೆಕ್ಕಿತು.

ಇದೆಲ್ಲ ಆಗಿ ಮೂರು ವರ್ಷ. ಹಲ್ಲಿ ಸಾಕುವವರ ಬಗ್ಗೆ ನನಗೆ ಈಗಲೂ ಸಸಾರವೇ. ಆದರೆ ಹದಿನೈದು ದಿನಕ್ಕೊಮ್ಮೆ ಕೊಂಬೆ ತಿಕ್ಕಿ ಕುದಿಸುವ ಕೆಲಸ ನನ್ನದು. ಇವತ್ತು ಅವನ್ನು ಒಳಗಿಡುವಾಗ ಆ ಪ್ರಾಣಿ ನನ್ನ ಮಣಿಕಟ್ಟಿನ ಮೇಲೆ ಹತ್ತಿ, ಅಲ್ಲೇ ನಿದ್ದೆಹೋಯಿತು. ಹನ್ನೆರಡೂವರೆಗೆ ಮನೆಯಿಂದ ಊಟಕ್ಕೆ ಕರೆದರು. ಒಂದೂಕಾಲರವರೆಗೂ ನಾನು ಕೈ ಕದಲಿಸಲಿಲ್ಲ.